ಯಮನವ್ವನ ಅಳತೆಯ ಚಪ್ಪಲಿ

ಪುಣೆಯ ಯೆರವಡಾದ ತಗಡಿನ ಮನೆಗಳ ಸಾಲಿನಲ್ಲಿ ತಾಯಪ್ಪನಷ್ಟು ಚೌಕಾಸಿ ಮಾಡುವವನು ಇನ್ನೊಬ್ಬನಿರಲಿಲ್ಲ. ಭಾನುವಾರದ ಬಾಜಾರಿಗೆ ಹೋದನೆಂದರೆ ಅಂಗಡಿಯವನು ಕೈಮುಗಿಯುವವರೆಗೂ ಬಿಡುತ್ತಿರಲಿಲ್ಲ. ಯಾದಗಿರಿ ಕಡೆಯವನು, ಪುಣೆಗೆ ಬಂದು ಗೋಡೆ ಕಟ್ಟುವ ಗೌಂಡಿ ಕೆಲಸ ಕಲಿತಿದ್ದ. ಹೆಂಡತಿ ಯಮನವ್ವ ಅವನು ದುಡಿಯುವ ಕಟ್ಟಡದಲ್ಲೇ ಗಾರೆ ಹೊರುತ್ತಿದ್ದಳು. ಮಗಳು ಇಂದೂ ಎರಡನೆಯ ಇಯತ್ತೆ ಓದುತ್ತಿದ್ದಳು. ದುಡಿಮೆಯ ಮನೆ, ನೆಮ್ಮದಿಯ ಮನೆ.

ಕಾಟವೆಲ್ಲ ಯಮನವ್ವನ ಹಿಮ್ಮಡಿಯದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಸಾಕು, ಮೊಳೆ ಹೊಡೆದಂತೆ ನೋವು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲವಾಗುತ್ತಿತ್ತು. ಸಂಜೆ ಹೊತ್ತಿಗೆ ಮತ್ತೆ ಅದೇ ಗೋಳು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿ ಒತ್ತಿ ಕುಳಿತಳು. ಅರಿಸಿನ ಹಚ್ಚಿದಳು. ಯಾವುದಕ್ಕೂ ನೋವು ಜಗ್ಗಲಿಲ್ಲ.

ಒಂದು ದಿನ ಗಾರೆಯ ಬುಟ್ಟಿ ಹೊತ್ತು ಹಲಗೆ ಏರುವಾಗ ಅವಳ ಕಾಲು ವಾಲಿತು. ಮೇಲಿದ್ದ ತಾಯಪ್ಪ ಬಗ್ಗಿ ರಟ್ಟೆ ಹಿಡಿದುಕೊಂಡ. ಬುಟ್ಟಿ ಮಾತ್ರ ಕೆಳಗೆ ಹೋಯಿತು. ಕೂಲಿಯವರ ಮೇಲ್ವಿಚಾರಕ ಮುಕಾದಮ ಓಡಿ ಬಂದ.

"ನೋಡು ಬಾಯೀ, ಮುಂದಿನ ತಿಂಗಳು ಸ್ಲ್ಯಾಬ್ ಹಾಕೋದದ. ಅಷ್ಟರಾಗ ಕಾಲು ನೆಟ್ಟಗಾಗಬೇಕು. ಇಲ್ಲಾಂದ್ರ ನಾ ಬ್ಯಾರೆ ಮಂದಿ ನೋಡ್ತೀನಿ. ನೀ ಬಿದ್ದು ಸತ್ತರ ಯಾರು ಉತ್ತರ ಕೊಡೋರು?"

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಅಂದು ಸಂಜೆ ತಾಯಪ್ಪ ರೊಟ್ಟಿ ಮುರಿಯುತ್ತ ಮಾತು ತೆಗೆದ.

"ನೀ ಊರಿಗಿ ಹೋಗು. ಇಂದೂನ್ನೂ ಕರಕೊಂಡು ಹೋಗು. ಅವ್ವನ ಹತ್ರ ಇರ್ರಿ."

"ಹುಡುಗಿ ಸಾಲಿ?"

"ಅಲ್ಲೂ ಸಾಲಿ ಅದ."

"ಮತ್ತ ನೀವು?"

ತಾಯಪ್ಪ ಮುರಿದ ತುಂಡನ್ನು ತಟ್ಟೆಗೇ ಹಾಕಿದ. ಯಮನವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಅವಳ ಕಣ್ಣು ತುಂಬಿ ಬಂದಿತ್ತು. ಮನೆ ಒಡೆದು ಎರಡಾಗುವುದು ಇಬ್ಬರಿಗೂ ಬೇಡವಾಗಿತ್ತು.

ಗೋಡೆ ತಗಡಿನದು. ಇಲ್ಲಿ ಆಡಿದ ಮಾತು ಆಚೆ ಮನೆಗೆ ಕೇಳದೆ ಇರುತ್ತದೆಯೇ? ಆಚೆ ಮನೆಯ ಗೌರಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ದೊಡ್ಡ ದವಾಖಾನೆಯಲ್ಲಿ ಹನ್ನೆರಡು ವರ್ಷದಿಂದ ಆಯಾ. ಅಕ್ಷರ ಬಾರದಿದ್ದರೂ ಕಣ್ಣು ಕಿವಿ ತೆರೆದಿಟ್ಟುಕೊಂಡು ದುಡಿದವಳು. ಡಾಕ್ಟರರು ರೋಗಿಗಳಿಗೆ ಹೇಳಿದ ಒಂದು ಮಾತನ್ನೂ ಅವಳು ಕೆಳಗೆ ಬೀಳಲು ಬಿಟ್ಟವಳಲ್ಲ. ಇಂಥವಳೊಬ್ಬಳು ಓಣಿಯಲ್ಲಿದ್ದರೆ ಅದು ಓಣಿಯ ಪುಣ್ಯ.

"ಏನು ತಮ್ಮಾ, ಊರಿಗಿ ಕಳಿಸಿದ್ರ ಹಿಮ್ಮಡ ಪುಣೇದಾಗ ಬಿಟ್ಟು ಹೋಗ್ತಾಳೇನು ಆಕಿ? ಬ್ಯಾನೀನೂ ಆಕಿ ಸಂಗಟ ರೈಲು ಹತ್ತತದ."

"ಮತ್ತೇನ್ ಮಾಡ್ಲಿ ಅಕ್ಕಾ?"

"ಮೊದಲು ನಮ್ಮ ದವಾಖಾನಿ ಡಾಕ್ಟರ್ ಬಾಯಾರಿಗಿ ತೋರ್ಸು. ಆಮ್ಯಾಲ ನಮ್ಮ ದವಾಖಾನ್ಯಾಗ ಧರ್ಮಣ್ಣ ಅಂತ ಅದಾನ, ಅಥಣಿ ಕಡಿಯಾಂವ. ಪಾದಾ ನೋಡಿ, ಬ್ಯಾನಿ ಎಲ್ಲದ ಕೇಳಿ, ಅವರವರ ಅಳತಿಗಿ ಚಪ್ಪಲ್ ಮಾಡ್ತಾನ. ಅವನ ಹತ್ರ ಯಮನವ್ವನ್ನ ಕರ್ಕೊಂಡು ಹೋಗು."

ತಾಯಪ್ಪನಿಗೆ ನಗು ಬಂತು. "ಚಪ್ಪಲ್ ಹಾಕ್ಕೊಂಡ್ರ ಬ್ಯಾನಿ ಹೋಗ್ತದಂತ! ಅದೇನು ಗುಳಿಗೇನು? ಅಕ್ಕಾ, ನಮ್ಮಾಕಿಗಿ ವರ್ಷಾ ಹೊಸಾ ಕಾಲ್ಮರಿ ತರ್ತೀನಿ. ಅಳತಿ ನೋಡೇ ತರ್ತೀನಿ."

ಅವನು ಸುಳ್ಳು ಹೇಳಿರಲಿಲ್ಲ. ಮನೆಯ ತಗಡಿನ ಸಂದಿಯಲ್ಲಿ ಒಂದು ಬಿದಿರ ಕಡ್ಡಿ ಸಿಕ್ಕಿಸಿತ್ತು. ಲಗ್ನದ ಚಪ್ಪಲಿ ತರಲು ಹೊರಟಾಗ ಯಮನವ್ವನ ತವರಿನವರು ಅವಳ ಪಾದದ ಉದ್ದಕ್ಕೆ ಕತ್ತರಿಸಿ ಕೊಟ್ಟ ಕಡ್ಡಿ ಅದು. ಹೆಣ್ಣುಮಕ್ಕಳು ಬಾಜಾರಿನಲ್ಲಿ ಕಾಲು ಚಾಚಿ ಕುಳಿತು ಚಪ್ಪಲಿ ನೋಡುವುದು ಅವರ ಕಡೆ ರೂಢಿಯಲ್ಲ. ಗಂಡ ಕಡ್ಡಿ ಒಯ್ಯುತ್ತಾನೆ, ಚಪ್ಪಲಿ ತರುತ್ತಾನೆ. ತಾಯಪ್ಪ ಒಂಬತ್ತು ವರ್ಷದಿಂದ ಇದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದ.

ನಕ್ಕರೂ ಮನೆ ಒಡೆಯುವ ಚಿಂತೆ ಬಿಡಲಿಲ್ಲ, ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಮಹಾಶಯ ದವಾಖಾನೆಗೆ ಹೋದ. ಒಬ್ಬನೇ ಹೋದ, ಕೈಯಲ್ಲಿ ಕಡ್ಡಿ. ಹೆಂಡತಿಯ ಕೆಲಸ ಯಾಕೆ ಕೆಡಿಸಬೇಕು, ಅಳತೆ ಇದೆಯಲ್ಲ!

ದವಾಖಾನೆಯ ಹಿಂದುಗಡೆ ಸಣ್ಣದೊಂದು ಕೋಣೆ. ಗೋಡೆ ತುಂಬ ಪಾದದ ಚಿತ್ರ ಬರೆದ ಕಾಗದಗಳು, ನೆಲದ ಮೇಲೆ ರಬ್ಬರು, ಚರ್ಮ. ನಡುವೆ ಧರ್ಮಣ್ಣ. ಅಜ್ಜನ ಕಾಲದಿಂದ ಚಪ್ಪಲಿ ಹೊಲಿಯುತ್ತ ಬಂದ ಮನೆಯವನು. ಅವನ ಉಳಿ ಚರ್ಮದ ಮೇಲೆ ಒಮ್ಮೆ ಸರಿದರೆ ಮತ್ತೆ ತಿದ್ದುವ ಮಾತೇ ಇಲ್ಲ. ತಾಯಪ್ಪನೂ ಕೈಕೆಲಸದವನೇ. ಕ್ಷಣಹೊತ್ತು ನೋಡುತ್ತಲೇ ನಿಂತ. ಆಮೇಲೆ ಕಡ್ಡಿ ಚಾಚಿದ.

"ಇದು ನಮ್ಮಾಕಿ ಅಳತಿ ನೋಡ್ರಿ."

ಧರ್ಮಣ್ಣ ಕಡ್ಡಿಯನ್ನು ಬೆಳಕಿಗೆ ಹಿಡಿದ. "ಯಾವಾಗಿಂದಪಾ ಇದು?"

"ಲಗ್ನದ್ದು. ಒಂಬತ್ತು ವರ್ಷಾತು."

"ಒಂಬತ್ತ ವರ್ಷ ಗಾರಿ ಹೊತ್ತಾಳು, ಕೂಸಿನ್ನ ಹಡದಾಳು. ಪಾದ ಮಾತ್ರ ಮದಲಗಿತ್ತಿದ ಇರಬೇಕೇನು?"

ತಾಯಪ್ಪ ತಲೆ ಕೆರೆದುಕೊಂಡ.

"ಉದ್ದ ತಿಳೀತಪಾ. ಅಗಲ ಎಷ್ಟು? ಬ್ಯಾನಿ ಎಲ್ಲೈತಿ? ಎಡಗಾಲು ದೊಡ್ಡದೋ ಬಲಗಾಲೋ? ಕಡ್ಡಿಗಿ ಬರೊಬ್ಬರಿ ಆಗೂ ಚಪ್ಲಿ ಬೇಕಂದ್ರ ಈಗ ಮಾಡಿ ಕೊಡ್ತೀನಿ. ಕಡ್ಡಿ ನಡ್ಯಾಕ ಹೋಗತೈತೇನು?"

ಅಂಗಡಿಯವರ ಬಾಯಿ ಮುಚ್ಚಿಸುವ ತಾಯಪ್ಪನ ಬಾಯಿ ಅಂದು ಮೊದಲ ಸಲ ಮುಚ್ಚಿತು. ಧರ್ಮಣ್ಣ ಕಡ್ಡಿ ಹಿಂದೆ ಕೊಟ್ಟ. "ಆಕಿನ್ನ ಕರಕೊಂಡ ಬಾ ತಮ್ಮಾ. ಹೊತ್ತ ಇಳದ ಮ್ಯಾಲೆ ಬಾ. ದಿನಾ ನಿಂತ ಪಾದ ಸಂಜಿಗಿ ಬಾತಿರತೈತಿ. ಮುಂಜಾನೆ ಅಳತಿ ಹಿಡದ್ರ ಸಂಜೀಕ ಬಿಗಿ ಆಗತೈತಿ. ಹಾಕ್ಕೊಳ್ಳೂ ಹಳೇ ಚಪ್ಲೀನೂ ತಗೊಂಡ ಬಾ."

ಶನಿವಾರ ಗಂಡ ಹೆಂಡತಿ ಇಬ್ಬರೂ ಮೂರು ಗಂಟೆಗೇ ಕೆಲಸ ಬಿಟ್ಟು ಹೋದರು. ಗೌರಾಬಾಯಿ ಜೊತೆಗಿದ್ದಳು. ಡಾಕ್ಟರ್ ಬಾಯಿ, ಅಂದರೆ ಅಲ್ಲಿಯ ಡಾಕ್ಟರಮ್ಮ, ಹಿಮ್ಮಡಿ ಒತ್ತಿ ನೋಡಿದರು. ಕಣ್ಣು ಮುಚ್ಚಿಸಿ ಹತ್ತಿಯಿಂದ ಪಾದ ಮುಟ್ಟಿ, "ತಿಳೀತಾ?" ಎಂದು ಕೇಳಿದರು. ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಂಡರು. ಕಾದ ಇಟ್ಟಿಗೆಯ ಸಂಗತಿ ಕೇಳಿ ಗದರಿದರು. ಅವರ ಮರಾಠಿಯನ್ನು ಗೌರಾಬಾಯಿ ಬಿಡಿಸಿ ಹೇಳಿದಳು.

"ಪಾದ ಜೋಮು ಹಿಡಿದವರು ಹಿಂಗ ಕಾಸಿದ್ರ ಸುಟ್ಟದ್ದೇ ಗೊತ್ತಾಗಂಗಿಲ್ಲಂತ. ಗಾಯ ಆಗಿ ಕಾಲೇ ಹೋಗ್ತದಂತ. ನಿಂದು ಅಂಥಾದ್ದಲ್ಲ, ಅಂಜಬ್ಯಾಡ. ಹಿಮ್ಮಡದ ಕೆಳಗಿನ ನಾರಿನಂಥಾ ಪಟ್ಟಿ ಬಿಗದದ. ದಿನಾ ಎರಡು ಸಲ ಗ್ವಾಡಿಗಿ ಕೈ ಕೊಟ್ಟು, ಕಾಲು ಹಿಂದ ಚಾಚಿ, ಹಿಮ್ಮಡ ನೆಲಕ್ಕೂರಿ ಮೀನಖಂಡ ಜಗ್ಗಬೇಕಂತ. ಮತ್ತ ಸರಿ ಚಪ್ಪಲ್ ಬೇಕಂತ."

ಧರ್ಮಣ್ಣನ ಕೋಣೆಯಲ್ಲಿ ಯಮನವ್ವ ಮುದುಡಿ ಕುಳಿತಳು. ಕಾಲು ಚಾಚಲು ನಾಚಿಕೆ.

"ಕುಂಡ್ರಬ್ಯಾಡವಾ, ಕಾಗದದ ಮ್ಯಾಲೆ ನಿಂದ್ರು. ಮೈಭಾರ ಬಿದ್ದಾಗ ಪಾದ ಅಗಲ ಆಗತೈತಿ. ಎರಡೂ ಕಾಲಿನ್ಯಾಗ ಸಮಾ ನಿಂದ್ರು."

ಒಂದೊಂದು ಪಾದದ ಸುತ್ತಲೂ ಪೆನ್ಸಿಲು ಸುತ್ತಿತು. ಹೆಬ್ಬೆರಳಿಂದ ಹಿಮ್ಮಡಿಯನ್ನು ಅಲ್ಲಲ್ಲಿ ಒತ್ತಿ, ಅವಳು "ಅವ್ವಾ" ಎಂದ ಜಾಗಕ್ಕೆ ಗುರುತು ಹಾಕಿದ. ಹಲಗೆ ಏರುವಾಗ ಚಪ್ಪಲಿ ಏನು ಮಾಡುತ್ತೀ ಎಂದು ಕೇಳಿದ. ಜಾರುತ್ತವೆ, ಕೆಳಗೇ ಬಿಟ್ಟು ಬರಿಗಾಲಲ್ಲಿ ಏರುತ್ತೇನೆ ಎಂದಳು. ಅದನ್ನೂ ಬರೆದುಕೊಂಡ. ಕೊನೆಗೆ ಹಳೇ ಚಪ್ಪಲಿಯನ್ನು ಆ ಕಾಗದದ ಪಾದದ ಮೇಲೆ ಇಟ್ಟ.

ತಾಯಪ್ಪ ಬಗ್ಗಿ ನೋಡಿದ. ಚಪ್ಪಲಿಯ ಎರಡೂ ಕಡೆ ಹೆಂಡತಿಯ ಪಾದ ಒಂದೊಂದು ಬೆರಳಗಲ ಹೊರಗೆ ಚಾಚಿತ್ತು. ಹಿಮ್ಮಡಿಯ ಅಂಚು ಚಪ್ಪಲಿಯ ತುದಿಯ ಮೇಲೇ ಬಂದಿತ್ತು. ಹಿಮ್ಮಡಿಯ ಕೆಳಗೆ ರಬ್ಬರು ಸವೆದು ಎಲೆಯಷ್ಟು ತೆಳ್ಳಗಾಗಿತ್ತು.

"ಇಷ್ಟು ಬಿಗಿ ಆಗ್ತಾವಂತ ಒಂದಿನ ಆದ್ರೂ ಹೇಳಬಾರ್ದೇನು ನೀ?"

ಯಮನವ್ವ ತಲೆ ಎತ್ತಲಿಲ್ಲ. "ನೀವು ಅಷ್ಟು ಹುಡುಕ್ಯಾಡಿ ತರ್ತೀರಿ. ತಂದು ಎಷ್ಟು ಖುಷೀಲೆ ಮುಂದ ಇಡ್ತೀರಿ. ಬಿಗಿ ಅದಾವ ಅಂತ ಹ್ಯಾಂಗ ಅನ್ಲಿ?"

ತಾಯಪ್ಪ ಹಳೇ ಚಪ್ಪಲಿಯನ್ನು ಎತ್ತಿ ತಿರುಗಿಸಿ ನೋಡಿದ. ಒಂಬತ್ತು ಜೊತೆ ಚಪ್ಪಲಿ ತಂದಿದ್ದ. ಒಮ್ಮೆಯೂ ಅವಳ ಕಾಲು ನೋಡಿರಲಿಲ್ಲ. ಅವಳ ತಾಳ್ಮೆ ದೊಡ್ಡದೇ ಸರಿ, ಆದರೆ ಆ ತಾಳ್ಮೆಗೆ ಅವಳ ಕಾಲು ಬಲಿಯಾಗಬೇಕಿರಲಿಲ್ಲ.

ಹತ್ತು ದಿನಕ್ಕೆ ಚಪ್ಪಲಿ ಬಂದವು. ಮೃದು ರಬ್ಬರಿನ ದಪ್ಪ ತಳ, ಹಿಮ್ಮಡಿ ಕೂರಲು ಸಣ್ಣ ತಗ್ಗು, ಪಾದದ ನಡುವಿಗೆ ಆನಿಕೆಯಾಗಿ ಸ್ವಲ್ಪ ಉಬ್ಬು, ಬೆರಳು ಹರಡಲು ಜಾಗ. ಹಿಂದೆ ಒಂದು ಪಟ್ಟಿ, ಏರುವಾಗ ಜಾರದಂತೆ. ಎಡಗಾಲಿನದು ಬಲಗಾಲಿನದಕ್ಕಿಂತ ಕೂದಲಷ್ಟು ದೊಡ್ಡದು. ನೋಡಲು ದಪ್ಪ. ನಲ್ಲಿಯ ಹತ್ತಿರದ ಹೆಂಗಸರು ಮುಸಿಮುಸಿ ನಕ್ಕರು. ಯಮನವ್ವ ನಕ್ಕವರ ಮುಂದೆಯೇ ಎರಡು ಸಲ ಓಡಾಡಿದಳು.

"ಮಂತ್ರ ಅಲ್ಲವಾ ಇದು," ಎಂದು ಧರ್ಮಣ್ಣ ಮೊದಲೇ ಹೇಳಿ ಕಳಿಸಿದ್ದ. "ಮೊದಲನೇ ದಿನ ಒಂದ ತಾಸು, ಮರುದಿನ ಎರಡು. ಎಲ್ಲೆರೆ ಚುಚ್ಚಿದ್ರ ತಾಳಿಕೊಂಡ ಕೂತೀ ಮತ್ತ! ನನ್ನ ಹತ್ರ ತಗೊಂಡ ಬಾ, ಸರಿ ಮಾಡ್ತೀನಿ."

ಹೆಬ್ಬೆರಳಿನ ಹತ್ತಿರ ಒತ್ತಿತು. ಈ ಸಲ ಅವಳೇ ಹೋಗಿ ಹೇಳಿ ಸರಿಮಾಡಿಸಿಕೊಂಡಳು. ಎರಡು ವಾರದಲ್ಲಿ ಬೆಳಗಿನ ಕುಂಟು ಕಡಿಮೆಯಾಯಿತು. ನೋವು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಆದರೆ ಗೋಡೆ ಹಿಡಿಯುವುದು ತಪ್ಪಿತು.

ಸ್ಲ್ಯಾಬ್ ಹಾಕುವ ದಿನ ಬಂತು. ಹೆಂಗಸರು ಸಾಲಾಗಿ ಹಲಗೆ ಏರಿದರು. ಮೇಲೆ ನಿಂತಿದ್ದ ತಾಯಪ್ಪ ಕೆಲಸದ ನಡುವೆ ಕಣ್ಣು ಕೆಳಗೇ ಇಟ್ಟಿದ್ದ. ಯಮನವ್ವ ಹೊಸ ಚಪ್ಪಲಿಯಲ್ಲೇ ಏರಿ ಬಂದಳು, ಬುಟ್ಟಿ ಕೊಟ್ಟಳು, ಇಳಿದಳು, ಮತ್ತೆ ಏರಿದಳು. ಹೊತ್ತು ಮುಳುಗುವವರೆಗೂ ಅವಳ ಹೆಜ್ಜೆ ತಪ್ಪಲಿಲ್ಲ. ಮುಕಾದಮ ಬೇರೆ ಮಂದಿಯ ಮಾತು ಎತ್ತಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳೇ ಕೇಳಿದಳು. "ಊರಿಗಿ ಯಾವಾಗ ಕಳಿಸ್ತೀರಿ?"

"ದೀಪಾವಳಿಗಿ ಹೋಗೋಣಂತ. ಮೂರೂ ಮಂದಿ ಕೂಡಿ. ಹೊಳ್ಳಿ ಬರೂದೂ ಕೂಡೇ."

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾಲುನೋವು ದುಡಿಯುವವರ ಹಣೆಬರಹವಲ್ಲ. ನೋವಿದ್ದರೆ ಮೊದಲು ಡಾಕ್ಟರರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು, ಪಾದ ಜೋಮು ಹಿಡಿದವರು ಒಂದು ದಿನವೂ ತಡಮಾಡಬೇಡಿ. ಚಪ್ಪಲಿಯನ್ನು ಸಂಜೆ ಹೊತ್ತು, ನಿಂತುಕೊಂಡು, ಎರಡೂ ಪಾದದ ಅಳತೆ ಕೊಟ್ಟು ಮಾಡಿಸಿ. ಯಾರದೋ ಕೈಯಲ್ಲಿ ಅಳತೆ ಕಳಿಸಬೇಡಿ, ನೀವೇ ಹೋಗಿ. ಮತ್ತೆ ಇಂದು ಕೆಲಸ ಮುಗಿಸಿ ಮನೆಗೆ ಬಂದವರೇ, ಮನೆಯ ಹೆಣ್ಣುಮಕ್ಕಳ ಪಾದವನ್ನು ಒಮ್ಮೆ ನೋಡಿ, ಎಲ್ಲಿ ನೋಯುತ್ತದೆ ಎಂದು ಕೇಳಿ. ಅವರು "ಏನಿಲ್ಲ" ಎನ್ನುತ್ತಾರೆ. ಅಲ್ಲಿಗೇ ಬಿಡಬೇಡಿ, ಇನ್ನೊಮ್ಮೆ ಕೇಳಿ.