ಬೋಲ್ಟು ತಾನೇ ಬೀಳಬೇಕು

ಡೆಲ್ಮಾ ಕ್ರೈಡರ್ ಖಾಲಿ ತೋಟಾವನ್ನು ಪರೀಕ್ಷಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಾರಿಸಿದ ಹಿತ್ತಾಳೆ ತೋಟಾ ಉಬ್ಬುತ್ತದೆ. ಅದನ್ನು ಅಚ್ಚಿನೊಳಗೆ ಒತ್ತಿ, ಹದಕ್ಕೆ ತಂದು, ಮತ್ತೆ ಮದ್ದು ತುಂಬುವುದು ನಮ್ಮ ಪೆನ್ಸಿಲ್ವೇನಿಯಾದ ಗುರಿಕಾರರ ನಿತ್ಯಕರ್ಮ. ಉಳಿದವರು ಅಳತೆಯ ಸಾಧನಗಳನ್ನು ನೆಚ್ಚಿದರೆ, ಆಕೆ ರೈಫಲಿನ ಹಿಂಬಾಯಿ ಮುಚ್ಚುವ ಬೋಲ್ಟಿನಿಂದ ಗುಂಡು ಸಿಡಿಸುವ ಮೊಳೆಯನ್ನು ಕಳಚಿಟ್ಟು, ಒತ್ತಿದ ತೋಟಾವನ್ನು ರೈಫಲಿನೊಳಗೆ ಸೇರಿಸಿ, ಬೋಲ್ಟಿನ ಹಿಡಿಯನ್ನು ಸುಮ್ಮನೆ ಕೈಬಿಡುತ್ತಿದ್ದರು. ಅದು ತನ್ನ ಭಾರಕ್ಕೇ ಕೆಳಗಿಳಿದರೆ ಸರಿ. ಎಲ್ಲಾದರೂ ತಡೆದರೆ, ಅಚ್ಚನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೊದಲಿನಿಂದ ಶುರು. "ಹೋಗು ಮರಿ, ಒಳಗೆ ಹೋಗು" ಎಂದು ಹಿತ್ತಾಳೆಯನ್ನು ಪುಸಲಾಯಿಸುವುದನ್ನು ನಾವೆಲ್ಲ ಕೇಳಿದ್ದೇವೆ.

ಶಾಲಾ ಬಸ್ಸು ಓಡಿಸಿ ಓಡಿಸಿ ಆಕೆಯ ನಡಿಗೆ ಒಂದು ಪಕ್ಕಕ್ಕೆ ವಾಲಿತ್ತು. ಗತಿಸಿದ ಗಂಡನ ಕೆಂಪು ಚೌಕಳಿಯ ಕೋಟು ಮೊಣಕಾಲಿನವರೆಗೆ ಜೋಲುತ್ತಿತ್ತು. ತೋಟಾಕ್ಕೆ ಸವರುವ ಉಣ್ಣೆಯ ಜಿಡ್ಡಿನ ವಾಸನೆ ಅದನ್ನು ಬಿಟ್ಟು ಕದಲುತ್ತಿರಲಿಲ್ಲ.

ಮೈದುನ ಹಾರ್ಲನ್‌ಗೆ ಈ ಪರಿಪಾಠವೆಲ್ಲ ವೃಥಾ ಶ್ರಮ. ಅವನು ಇಡೀ ತೋಟಾವನ್ನಲ್ಲ, ಗುಂಡು ಕೂರುವ ಅದರ ಕೊರಳನ್ನಷ್ಟೇ ಒತ್ತುವವನು.

"ನನ್ನ ರೈಫಲ್‌ನಲ್ಲೇ ಉಬ್ಬಿ, ಅದರ ಮೈಗೇ ಹೊಂದಿಕೊಂಡಿದೆ ಅತ್ತಿಗೆ. ಅಳತೆಗೆ ಹೊಲಿಸಿದ ಅಂಗೀನ ಮತ್ತ್ಯಾಕೆ ಬಿಚ್ಚಿ ಹೊಲೀಬೇಕು?"

"ಅದೇ ಅಂಗೀಗೆ ಈಗ ಗುಂಡಿ ಹಾಕು ನೋಡೋಣ, ಈ ಹೊಟ್ಟೆ ಇಟ್ಕೊಂಡು!"

ಆ ಶರತ್ಕಾಲದಲ್ಲಿ ದೊಡ್ಡ ಪಂದ್ಯಕ್ಕೆ ಹೊರಟಿದ್ದ ನಮ್ಮ ಕ್ಲಬ್ಬಿನ ತಂಡದಲ್ಲಿ ಉಳಿದಿದ್ದುದು ಒಂದೇ ಸ್ಥಾನ. ಅದಕ್ಕೆ ಸೆಣಸಿದವರು ಈ ಅತ್ತಿಗೆ-ಮೈದುನರು. ಡೆಲ್ಮಾಗೆ ಅದು ಬೇಕೇ ಬೇಕಿತ್ತು. ಕೈ ನಡುಕ ಶುರುವಾಗಿತ್ತು. "ಈ ಸಲ ಹೋಗ್ಲೇಬೇಕು, ಮುಂದಿನ ವರ್ಷ ಈ ಕೈ ನನ್ನ ಮಾತು ಕೇಳಲ್ಲ" ಎಂದು ನನ್ನೊಡನೆ ಬಾಯಿಬಿಟ್ಟು ಹೇಳಿದ್ದರು.

ನಮ್ಮಲ್ಲಿ ಬೆರಳೆಣಿಕೆಯ ತೋಟಾಗಳನ್ನೇ ಸುತ್ತು ಸುತ್ತಿಗೂ ಒತ್ತಿ, ತುಂಬಿ, ಹಾರಿಸುವ ವಾಡಿಕೆ. ಆಯ್ಕೆಯ ದಿನ ಮಧ್ಯಾಹ್ನದವರೆಗೆ ಹಾರ್ಲನ್ ಮುಂದಿದ್ದ. ಆಮೇಲೆ ಅವನ ತೋಟಾಗಳು ಉಬ್ಬಿ ಉಬ್ಬಿ ಬಿಗಿಯಾಗಿ, ಬೋಲ್ಟನ್ನು ಅಂಗೈಯಿಂದ ಗುದ್ದಿ ಮುಚ್ಚಬೇಕಾಯಿತು. ಗುದ್ದಿದಾಗಲೆಲ್ಲ ರೈಫಲು ಮರಳಚೀಲದ ಮೇಲೆ ಕದಲಿ, ಗುಂಡುಗಳು ಚೆಲ್ಲಾಪಿಲ್ಲಿಯಾದವು. ಕೊನೆಯ ಸುತ್ತಿನ ಹೊತ್ತಿಗೆ ಇಬ್ಬರೂ ಸರಿಸಮ. ಡೆಲ್ಮಾ ಸುಮ್ಮನಿದ್ದಿದ್ದರೆ ಸಾಕಿತ್ತು. ನಾವೆಲ್ಲ ಸುಮ್ಮನೇ ಇದ್ದೆವು.

ಆಕೆ ಮದ್ದು ತುಂಬುವ ಚಪ್ಪರದಡಿ ಅವನ ಮೇಜಿಗೆ ಬಂದು ನಿಂತರು.

"ತಾ ಇಲ್ಲಿ ಆ ರೈಫಲ್ಲು."

"ನಿಮ್ಮ ಕೆಲಸ ನೋಡ್ಕೊಳ್ಳಿ ಅತ್ತಿಗೆ."

"ಆ ಗುದ್ದೋ ಸದ್ದು ಕೇಳಿ ನನಗೆ ಹಲ್ಲು ಜುಮ್ಮಂತಿದೆ. ತಾ ಅಂದ್ರೆ ತಾ!"

ಇಬ್ಬರದೂ ಒಂದೇ ಜಾತಿಯ ತೋಟಾ. ತನ್ನ ಅಚ್ಚನ್ನೇ ಅವನ ರೈಫಲಿಗೆ ಹೊಂದಿಸಿ, ಕಣ್ಣು ಮುಚ್ಚಿ, ಹಿಡಿ ತಾನಾಗಿ ಬೀಳುವವರೆಗೆ ಅವನ ತೋಟಾಗಳನ್ನು ಒತ್ತಿಕೊಟ್ಟರು. ಕೊನೆಯ ಸುತ್ತಿನಲ್ಲಿ ಹಾರ್ಲನ್‌ನ ಗುಂಡುಗಳೆಲ್ಲ ಒಂದೇ ತೂತಿನೊಳಗೆ ಹೊಕ್ಕವು. ಡೆಲ್ಮಾ ಚೆನ್ನಾಗಿಯೇ ಹಾರಿಸಿದರು, ಆದರೆ ಒಂದು ಗುಂಡು ಪಕ್ಕಕ್ಕೆ ಸರಿಯಿತು. ಸ್ಥಾನ ಹಾರ್ಲನ್‌ಗೆ ಹೋಯಿತು.

ಅವನು ತಲೆ ತಗ್ಗಿಸಿ ಬಂದ. "ಬೇಜಾರಾಯ್ತಾ ಅತ್ತಿಗೆ?"

"ಹೊಟ್ಟೆ ಉರೀತಿದೆ ಕಣೋ! ಕೇಳ್ತಾನೆ ನೋಡು!" ಎಂದು ಕಣ್ಣೊರೆಸಿಕೊಂಡರು. "ಹೋಗಿ ಗೆದ್ದು ಬಾ. ಕೊರಳಷ್ಟೇ ಒತ್ತಿದೆ ಅಂತ ಗೊತ್ತಾದ್ರೆ ಮನೆಗೆ ಸೇರಿಸಲ್ಲ."

ಇಂಥವರಿಗೆ ಸೋಲು-ಗೆಲುವು ಒಂದೇ ಎಂದು ಹೊಗಳುವುದು ಶುದ್ಧ ಸುಳ್ಳು. ನಮ್ಮೆಲ್ಲರಿಗಿಂತ ಹೆಚ್ಚು ಗೆಲ್ಲಬೇಕೆನ್ನುವವರು ಅವರೇ. ಆದರೆ ಹದಗೆಟ್ಟ ಕೆಲಸವೊಂದು ಕಣ್ಣಿಗೆ ಬಿದ್ದರೆ, ಅದು ಯಾರದೆಂದು ವಿಚಾರಿಸುವಷ್ಟು ಹೊತ್ತು ಅವರ ಕೈ ಸುಮ್ಮನಿರುವುದಿಲ್ಲ.