ಒಂದು ದಿನದ ರೋಗಿಗಳು

"ಮುಟ್ಟಬ್ಯಾಡ ಆ ಬೊಂಬಿನ. ನಿನ್ನ ಉಗುರಾಗ ಇನ್ನೂ ನಿಮ್ಮ ಗಲ್ಲಿ ಸಿಮೆಂಟ್ ಅದ. ಪೇಶಂಟ್ ಮುಟ್ಟಾಕಿ ಏನ ನೀನು, ಗಾರಿ ಕಲಸಾಕಿ ಏನ?"

ಸುಲಭಾ ಮೇಡಂ ಇಷ್ಟನ್ನೂ ಕನ್ನಡದಲ್ಲೇ ಹೇಳಿದರು. ಕ್ಲಾಸಿನ ಮೂವತ್ತೆಂಟು ಹುಡುಗಿಯರಲ್ಲಿ ಕನ್ನಡ ತಿಳಿಯುವವಳು ನಾನೊಬ್ಬಳೇ. ಉಳಿದವರಿಗೆ ಮಾತು ತಿಳಿಯದಿದ್ದರೂ ಬೈಗುಳ ತಿಳಿಯಿತು, ನಕ್ಕರು. ಮೇಡಂ ಧಾರವಾಡದವರು. ಉಳಿದ ಹುಡುಗಿಯರನ್ನು ಮರಾಠಿಯಲ್ಲಿ 'ಬಾಳಾ', ಮಗೂ, ಎಂದು ಕರೆಯುತ್ತಿದ್ದರು, ನನ್ನನ್ನು ಬೈಯಲು ಮಾತ್ರ ಅವರಿಗೆ ತಾಯ್ನುಡಿ ಬೇಕಾಗುತ್ತಿತ್ತು.

ಬೊಂಬೆ ಎಂದರೆ ಪ್ಲಾಸ್ಟಿಕ್ಕಿನ ಆಳುದ್ದದ ಮನುಷ್ಯ. ಇಂಜೆಕ್ಷನ್ ಕೊಡುವುದು, ಮೂಗಿಗೆ ನಳಿಗೆ ಹಾಕುವುದು, ಎದೆ ಒತ್ತಿ ಉಸಿರು ತರಿಸುವುದು, ಎಲ್ಲವನ್ನೂ ನಾವು ಅವನ ಮೇಲೆ ಕಲಿಯಬೇಕು. ಮೂರು ವರ್ಷವಾದರೂ ಅವನ ಮೈಮೇಲಿನ ಹಾಳೆ ಬಿಚ್ಚಿರಲಿಲ್ಲ. ಅವನು ಇನ್‌ಸ್ಪೆಕ್ಷನ್ನಿನವರಿಗೆ ತೋರಿಸಲು ಇದ್ದವನು. ನಮ್ಮ ಕಾಲೇಜೂ ಹಾಗೆಯೇ ಇತ್ತು. ಪುಣೆಯ ಖರಾಡಿ ದಾಟಿದ ಮೇಲೆ, ಗಾಜಿನ ಕಟ್ಟಡಗಳು ಮೇಲೇಳುತ್ತಿದ್ದ ರಸ್ತೆಯ ಒಳಮಗ್ಗುಲಲ್ಲಿ ಮೂರಂತಸ್ತಿನ ಆಸ್ಪತ್ರೆ, ಅದರ ಬೆನ್ನಿಗೆ ನರ್ಸಿಂಗ್ ಕಾಲೇಜು. ಫಲಕದಲ್ಲಿ ನೂರಿಪ್ಪತ್ತು ಹಾಸಿಗೆ, ಒಳಗೆ ಒಂಬತ್ತು ರೋಗಿಗಳು. ಇದು ಎರಡು ಸಾವಿರದ ಐದರ ಮಾತು. ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷದ ಡಿಗ್ರಿ, ನಾನು ಮೂರನೆಯದರಲ್ಲಿದ್ದೆ. ನಮ್ಮ ಗಲ್ಲಿಯಲ್ಲಿ ಹತ್ತನೆಯ ಇಯತ್ತೆ ದಾಟಿದವಳೂ ನಾನೇ ಮೊದಲು.

ಆವತ್ತು ಮಧ್ಯಾಹ್ನವೇ ಮೇಡಂ ನನ್ನನ್ನು ಆಫೀಸಿಗೆ ಕರೆಸಿದರು.

"ಬಾ ದೀಪಾಲಿ, ಕೂಡು."

ಮೂರು ವರ್ಷದಲ್ಲಿ ಅವರು ನನಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ಅಷ್ಟಕ್ಕೇ ನಾನು ಅರ್ಧ ಕರಗಿಹೋದೆ.

"ಗುರುವಾರ ಇನ್‌ಸ್ಪೆಕ್ಷನ್ ಅದ. ವಾರ್ಡಿನಾಗ ಪೇಶಂಟ್ ಇಲ್ಲಂದ್ರ ಮಾನ್ಯತಾ ಹೋಗ್ತದ. ಮಾನ್ಯತಾ ಹೋದ್ರ ನಿಮ್ಮ ಡಿಗ್ರಿ ಬರೇ ಕಾಗದ. ನಿಮ್ಮ ಗಲ್ಲ್ಯಾಗಿಂದ ಒಂದ ನಲವತ್ತು ಮಂದೀನ ಕರ್ಕೊಂಡು ಬಾ. ಮುಂಜಾನಿಂದ ನಾಕರತನಕ ಮಲಗಿದ್ರ ಸಾಕು. ಊಟಾ ಹಾಕ್ತೀವಿ."

"ಅವರಿಗೆ ಏನಂತ ಹೇಳ್ಲಿ ಮೇಡಂ?"

"ಪುಕ್ಕಟೆ ತಪಾಸಣಿ ಅಂತ ಹೇಳು. ಪುಕ್ಕಟೆ ಅಂದ್ರ ನಿಮ್ಮ ಮಂದ್ಯಾಗ ಹೆಣಾನೂ ಎದ್ದು ಬರ್ತದ." ಅವರು ಹಾಜರಿ ಪುಸ್ತಕದ ಮೇಲೆ ಕೈಯಿಟ್ಟರು. "ನಿಮ್ಮವ್ವ ತೀರಿಕೊಂಡಾಗ ನಲವತ್ತು ದಿನಾ ಬಂದಿಲ್ಲ ನೀನು. ಪರೀಕ್ಷಾಕ್ಕ ಕೂಡಸೂದು ಬಿಡೂದು ನನ್ನ ಕೈಯಾಗ ಅದ."

ಹೂಂ ಎಂದೆ. ಯೋಚನೆ ಮಾಡುತ್ತೇನೆ ಎಂದು ಬಾಯಿಮಾತಿಗೂ ಹೇಳಲಿಲ್ಲ. ಈಗ ಯಾರಾದರೂ ನಿನ್ನನ್ನು ಹೆದರಿಸಿದರು, ಪಾಪ ಎಂದರೆ ನನಗೆ ಸಿಟ್ಟು ಬರುತ್ತದೆ. ಹೆದರಿದ್ದು ನಿಜ. ಆದರೆ ಆ ಕುರ್ಚಿಯಲ್ಲಿ ಕೂತಾಗ ಸುಖವಾಗಿದ್ದೂ ನಿಜ.

ನಮ್ಮವರು ಮುದ್ದೇಬಿಹಾಳದ ಕಡೆಯ ಮಾದರು. ಖರಾಡಿಯ ಗಾಜಿನ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವರು. ಇಪ್ಪತ್ತು ವರ್ಷ ಪುಣೆಯಲ್ಲಿದ್ದರೂ ಆಳು ಕೂಡಿಸುವ ಮುಕದ್ದಮ ನಮ್ಮವನೇ, ಆಳುಗಳೂ ನಮ್ಮವರೇ ಆದದ್ದರಿಂದ ಹಿರಿಯರಿಗೆ ಮರಾಠಿ ಹತ್ತಲಿಲ್ಲ. 'ಉಚಲ', 'ಠೇವ' ಎಂದರೆ ತಿಳಿಯುತ್ತಿತ್ತು. ಎತ್ತು, ಇಡು. ಅದಕ್ಕಿಂತ ಹೆಚ್ಚಿಗೆ ಯಾರೂ ಅವರೊಡನೆ ಮಾತಾಡಿರಲಿಲ್ಲ.

ಸಂಜೆ ನಾನು ಬಿಳಿ ಯುನಿಫಾರ್ಮನ್ನು ಬಿಚ್ಚದೆ ಗಲ್ಲಿಯ ನಳದ ಹತ್ತಿರ ನಿಂತು ಹೇಳಿದೆ. ಡಾಕ್ಟರು ನೋಡುತ್ತಾರೆ, ಔಷಧ ಕೊಡುತ್ತಾರೆ, ಒಂದು ದಿನ ಕೆಲಸ ಬಿಡಿ ಎಂದೆ. ಯಾರೂ ಎದುರುಪ್ರಶ್ನೆ ಕೇಳಲಿಲ್ಲ. ಹೇಳಿದವಳು ಅವರದೇ ಹುಡುಗಿ, ಮೇಲೆ ಬಿಳಿ ಬಟ್ಟೆ ಬೇರೆ.

ಎಲ್ಲರಿಗಿಂತ ಹಿಗ್ಗಿದವಳು ಬಸವಣ್ಣೆವ್ವ. ಅವ್ವ ಇಟ್ಟಂಗಿ ಹೊರಲು ಹೋದಾಗಲೆಲ್ಲ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ, ಅವಳ ಗಂಡ ಮುರುಗೆಪ್ಪನನ್ನು ದೊಡ್ಡಪ್ಪ. ಎರಡು ತಿಂಗಳಿಂದ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ ಅವಳಿಗೆ ಎದೆ ಹಿಡಿಯುತ್ತಿತ್ತು.

"ನೋಡಂತ, ನೋಡಂತ," ಎಂದು ಮುರುಗೆಪ್ಪನಿಗೆ ಹೇಳಿದಳು. "ಸರಕಾರಿ ದವಾಖಾನ್ಯಾಗ ನನ್ನ ಮುಟ್ಟಿ ಸೈತ ನೋಡಲಿಲ್ಲ. ಈಗ ನಮ್ಮ ದೀಪಿ ದವಾಖಾನಿ ಐತಿ. ಹೆಂಗ ನೋಡಂಗಿಲ್ಲ ನೋಡ್ತೀನಿ."

ಗುರುವಾರ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು, ಹಳೆಯ ಎಕ್ಸ್‌ರೇಯನ್ನು ಚೀಲದಲ್ಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಕಾಲೇಜಿನವರು ಕಳಿಸಿದ ಟೆಂಪೊ ಹತ್ತಿದಳು. ಡಾಕ್ಟರು ಮುಟ್ಟುವ ಮೈ ಹೊಲಸಾಗಿರಬಾರದಲ್ಲ.

ವಾರ್ಡಿನಲ್ಲಿ ಆಗಲೇ ರೋಗ ಹಂಚುವ ಕೆಲಸ ನಡೆದಿತ್ತು. ಪ್ರತಿ ಹಾಸಿಗೆಗೆ ಒಂದು ಕೇಸ್ ಪೇಪರು ತಯಾರಿತ್ತು, ಹೆಸರು, ವಯಸ್ಸು, ಬೇನೆ ಎಲ್ಲ ಬರೆದು. ಜನ ಬಂದಂತೆ ಹಸಿರು ಅಂಗಿ ತೊಡಿಸಿ ಮಲಗಿಸುವುದು. ನಮ್ಮ ಗಲ್ಲಿಯ ಗಟ್ಟಿಮುಟ್ಟಾದ ಚನ್ನವೀರನ ಕಾಲಿಗೆ ಪ್ಲಾಸ್ಟರ್ ಹಾಕಿದರು. "ನಾಳಿ ಸ್ಲ್ಯಾಬ್ ಹಾಕೂದೈತ್ರಿ, ಬಿಚ್ಚತೀರಿಲ್ಲೊ?" ಎಂದು ಕೇಳುತ್ತಿದ್ದ. ಮುರುಗೆಪ್ಪನಿಗೆ ಟೈಫಾಯ್ಡ್. ಕೈಗೆ ಸಲೈನಿನ ನಳಿಗೆಯನ್ನು ಬರೀ ಪಟ್ಟಿಯಿಂದ ಅಂಟಿಸಿದರು.

ಬಸವಣ್ಣೆವ್ವನಿಗೆ ಹೆಂಗಸರ ವಾರ್ಡಿನ ಹನ್ನೆರಡನೆಯ ಹಾಸಿಗೆ. ಪೇಪರಿನಲ್ಲಿ ಅವಳು ಶಾಂತಾ ಕಾಂಬಳೆ, ಹರ್ನಿಯಾ ಆಪರೇಶನ್ ಆಗಿ ಮೂರನೆಯ ದಿನ. ಅವಳ ಹೊಟ್ಟೆಗೆ ಬ್ಯಾಂಡೇಜು ಸುತ್ತಿದವಳು ನಾನೇ.

"ಹೊಟ್ಟಿ ಅಲ್ಲವ ದೀಪಿ, ನಂದು ಎದಿ."

"ಇರ್ಲಿ ದೊಡ್ಡವ್ವ. ಮೊದಲ ಇದು ನೋಡ್ತಾರ, ಆಮ್ಯಾಲ ಅದು."

ಅವಳು ತಲೆಯಾಡಿಸಿ ಎಕ್ಸ್‌ರೇಯ ಚೀಲವನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

ಹನ್ನೊಂದರ ಸುಮಾರಿಗೆ ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಫ್ಯಾನಿನ ಕೆಳಗೂ ಬೆವರು ಹರಿಯುತ್ತಿತ್ತು. ಎಡಗೈಯನ್ನು ಬಲಗೈಯಿಂದ ಹಿಸುಕುತ್ತ ಮಲಗಿದ್ದಳು. ಮೂರು ವರ್ಷ ಓದಿದ್ದೇನೆ, ಇದು ಏನು ಎಂದು ನನಗೆ ಗೊತ್ತಾಯಿತು. ಪುಸ್ತಕದ ಆ ಪುಟವೇ ಕಣ್ಣಿಗೆ ಬಂತು. ನಾಡಿ ಹಿಡಿದೆ, ಓಡುತ್ತಿತ್ತು, ನಡುನಡುವೆ ತಪ್ಪುತ್ತಿತ್ತು. ಬಾಗಿಲ ಬಳಿ ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ನಿಂತಿದ್ದ ಡಾಕ್ಟರ ಹತ್ತಿರ ಓಡಿದೆ.

"ನನ್ನನ್ನೇನು ಕೇಳ್ತೀಯ? ನಾನು ಹಲ್ಲಿನ ಡಾಕ್ಟರು," ಎಂದು ಅವನು ಮರಾಠಿಯಲ್ಲಿ ಪಿಸುಗುಟ್ಟಿದ. "ನನ್ನನ್ನೂ ಈವತ್ತಿಗೇ ಕರೆಸಿದ್ದಾರೆ."

ಸುಲಭಾ ಮೇಡಂ ಬಂದು ಹಾಸಿಗೆಯತ್ತ ಇಣುಕಿದರು. "ಛಲೋ ಮಾಡ್ಲಿಕ್ಹತ್ಯಾಳ ನಾಟಕ."

"ಮೇಡಂ, ಇದು ಖರೇನ ಹಾರ್ಟಿಂದು. ದೊಡ್ಡ ದವಾಖಾನಿಗೆ ಕಳಸ್ಬೇಕ್ರಿ."

"ಒಂದ ತಾಸು ತಡಿ. ಕಮಿಟಿ ಊಟಕ್ಕ ಹೋದ ಕೂಡ್ಲೆ ಕಳಸೋಣಂತ. ಅವರು ಪಾವಟಿಗಿ ಹತ್ತಲಿಕ್ಹತ್ಯಾರ. ಈಗ ಹನ್ನೆರಡನೇ ಹಾಸಿಗಿ ಖಾಲಿ ಆದ್ರ ನಿನ್ನ ಮೂರು ವರ್ಷಾನೂ ಖಾಲಿ, ತಿಳೀತ?"

ತಿಳಿಯಿತು. ಒಂದು ತಾಸು ತಾನೇ ಎಂದು ನಾನೇ ನನಗೆ ಹೇಳಿಕೊಂಡೆ. ಒಂದು ತಾಸಿನಲ್ಲಿ ಎದೆಯೊಳಗೆ ಏನೇನಾಗಬಹುದು ಎಂಬುದನ್ನು ಹಿಂದಿನ ತಿಂಗಳ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ.

ಕಮಿಟಿಯ ಮುಖ್ಯಸ್ಥರು ನರೆಗೂದಲಿನವರು, ಸಮಾಧಾನದ ಮನುಷ್ಯ. ಉಳಿದ ಹಾಸಿಗೆಗಳ ಮುಂದೆ ಪೇಪರು ನೋಡಿ ಮುಂದಕ್ಕೆ ಹೋದವರು ಹನ್ನೆರಡನೆಯದರ ಮುಂದೆ ನಿಂತರು. "ಕಾಯ ಹೋತಂಯ, ಆಜೀ?" ಎಂದು ಕೇಳಿದರು. ಏನಾಗುತ್ತಿದೆ ಅಜ್ಜಿ, ಎಂದು.

ಬಸವಣ್ಣೆವ್ವ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಪಾಲಿಗೆ ತಪಾಸಣೆ ಶುರುವಾಗಿತ್ತು.

"ಎಪ್ಪಾ, ಎದಿ ಮ್ಯಾಲ ಕಲ್ಲ ಹೇರಿದಂಗ ಆಗತೈತಿ. ಕೈ ಸೆಳಿತೈತಿ, ಉಸರ ಆಡವಲ್ದು. ನಾ ಉಳಿಯಂಗ ಕಾಣವಲ್ನೆಪ್ಪ. ಒಂದೀಟು ನೋಡ."

ಸಾಹೇಬರು ನನ್ನ ಮುಖ ನೋಡಿದರು. ಅವರ ಬೆನ್ನ ಹಿಂದಿನಿಂದ ಮೇಡಂ ಕೂಡ.

ನಾನು ಮರಾಠಿಯಲ್ಲಿ ಹೇಳಿದೆ: "ಹೊಲಿಗೆ ಹಾಕಿದ ಜಾಗ ಸ್ವಲ್ಪ ಸೆಳೀತದಂತೆ ಸರ್. ಬಾಕಿ ಎಲ್ಲ ಆರಾಮ. ಇಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ ಅಂತಾಳೆ."

ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಅದೇ ನನ್ನನ್ನು ಇವತ್ತಿಗೂ ತಿನ್ನುತ್ತದೆ. ಸಾಹೇಬರು "ಛಾನ", ಚೆನ್ನ, ಎಂದು ಅವಳ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು, ಹಾಳೆಯಲ್ಲಿ ಗುರುತು ಹಾಕಿ ಮುಂದೆ ನಡೆದರು.

"ಏನಂದ್ರ ಡಾಕ್ಟರು?" ಬಸವಣ್ಣೆವ್ವ ಕೇಳಿದಳು.

"ಔಷಧ ಬರದಾರ, ದೊಡ್ಡವ್ವ. ತರಾಕ ಕಳಿಸ್ಯಾರ."

"ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು. ಅವಳು ಆಡಿದ ಕೊನೆಯ ಮಾತು ಅದು. ಬೈದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.

ಕಮಿಟಿ ಊಟಕ್ಕೆ ಮೇಲಿನ ಅಂತಸ್ತಿಗೆ ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತು. ಹಾಸಿಗೆಯ ಮೇಲೆ ಹತ್ತಿ ಎದೆ ಒತ್ತಿದೆ. ಬೊಂಬೆಯ ಮೇಲೆ ಕಲಿಯಬೇಕಾದದ್ದನ್ನು ದೊಡ್ಡವ್ವನ ಮೇಲೆ ಕಲಿತೆ. ಆಕ್ಸಿಜನ್ ಸಿಲಿಂಡರಿಗೆ ಹೊಸ ಬಣ್ಣ ಬಳಿದಿದ್ದರು, ತಿರುಗಿಸಿದರೆ ಒಳಗೆ ಗಾಳಿಯಿರಲಿಲ್ಲ. ನನ್ನ ಕೈಗಳು ಸೋತವು. ಹಲ್ಲಿನ ಡಾಕ್ಟರು ಬಂದು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಕೊರಳಿನ ಸ್ಟೆತಾಸ್ಕೋಪ್ ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಮೇಡಂ ಪರದೆ ಎಳೆದರು. ದೊಡ್ಡವ್ವನ ಕಣ್ಣು ಮುಚ್ಚಿದವರು ಅವರೇ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

"ಹಿಂದಿನ ಬಾಗಿಲಿಗೆ ರಿಕ್ಷಾ ತರಸ್ತೀನಿ. ಸೀರಿ ಉಡಿಸಿ, ಇಬ್ಬರ ನಡುವ ಕೂಡಿಸ್ಕೊಂಡು ಹೋಗ್ರಿ. ಮನ್ಯಾಗ ಹೋದ್ಲು ಅಂತ ಹೇಳ್ರಿ. ಇಲ್ಲಿ ಕಾಗದದಾಗ ಆಕಿ ಇಲ್ಲ. ಶಾಂತಾ ಕಾಂಬಳೆನ ನಾ ಡಿಸ್ಚಾರ್ಜ್ ಮಾಡ್ತೀನಿ."

ನಾನು ಇಳಕಲ್ ಸೀರೆಯನ್ನು ಕೈಗೆ ಎತ್ತಿಕೊಂಡೆ. ಉಡಿಸಲು ನೆರಿಗೆಯನ್ನೂ ಹಿಡಿದೆ. ಆಮೇಲೆ ಕೈ ಮುಂದೆ ಹೋಗಲಿಲ್ಲ. ಸೀರೆಯನ್ನು ಅವಳ ಮೇಲೆ ಹೊದಿಸಿ, ಗಂಡಸರ ವಾರ್ಡಿಗೆ ಹೋಗಿ ಮುರುಗೆಪ್ಪನ ಮುಂದೆ ನಿಂತೆ.

"ದೊಡ್ಡಪ್ಪ, ದೊಡ್ಡವ್ವ ಹೋದ್ಲು."

"ಎಲ್ಲಿಗೆ?" ಎಂದ. ನಿಜವಾಗಿಯೂ ಹಾಗೆಯೇ ಕೇಳಿದ. ಆಮೇಲೆ ನನ್ನ ಮುಖ ನೋಡಿ ಎದ್ದ. ಕೈಗೆ ಅಂಟಿಸಿದ ನಳಿಗೆಯ ಜೊತೆಗೆ ಕಂಬವೂ ಉರುಳಿಬಿತ್ತು.

ಹೆಂಡತಿಯ ತಲೆಯ ಹತ್ತಿರ ಅವನು ಕೂತ. ಅವಳ ಹೊಟ್ಟೆಯ ಬ್ಯಾಂಡೇಜನ್ನು ಒಂದೊಂದೇ ಸುತ್ತು ಬಿಚ್ಚಿದ. ಕೆಳಗೆ ಗಾಯವಿರಲಿಲ್ಲ. ಹಸಿರು ಅಂಗಿಯ ನಮ್ಮ ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ನಾನು ಎಲ್ಲವನ್ನೂ ಹೇಳಿದೆ. ತಪಾಸಣೆ ಇಲ್ಲ, ಡಾಕ್ಟರಿಲ್ಲ, ನಾನು ಸುಳ್ಳು ಹೇಳಿ ಕರೆತಂದೆ, ದೊಡ್ಡವ್ವ ಕಮಿಟಿಯ ಸಾಹೇಬನ ಕೈ ಹಿಡಿದು ಬೇಡಿಕೊಂಡಳು ಎಂದೆ.

"ಆ ಸಾಹೇಬನ ಕೈ ಹಿಡದು ಆಕಿ ಏನಂದ್ಲು?" ಮುರುಗೆಪ್ಪ ಕೇಳಿದ.

ಹೇಳಿದೆ.

"ನೀ ಅವಗ ಏನ್ ಹೇಳಿದಿ?"

ಅದನ್ನೂ ಹೇಳಿದೆ.

"ಥೂ ನಿನ್ನ, ರಂಡಿ ಮಗಳ," ಎಂದ. ಹೊಡೆಯುತ್ತಾನೆಂದು ಕಾದು ನಿಂತೆ. ಹೊಡೆಯಲಿಲ್ಲ. "ಆಕಿ ಸೊಂಟದ ಮ್ಯಾಲ ಹೇತು ಬೆಳದಾಕಿ ನೀನು. ನಡಿ ಮ್ಯಾಲ. ಆಕಿ ಅಂದಿದ್ದು ಅಂದಂಗ ಆ ಭಾಡ್ಯಾಗ ಈಗ ಹೇಳ ನಡಿ."

ಮೇಡಂ ಮೆಟ್ಟಿಲಿಗೆ ಅಡ್ಡ ನಿಂತರು. "ದೀಪಾಲಿ, ಮ್ಯಾಲ ಕಾಲಿಟ್ಟಿ ಅಂದ್ರ ನಿಂದು ಮುಗೀತು." ಚನ್ನವೀರ ಪ್ಲಾಸ್ಟರಿನ ಕಾಲು ಎಳೆಯುತ್ತ ಅವರನ್ನು ಪಕ್ಕಕ್ಕೆ ಸರಿಸಿದ. ಅವನ ಹಿಂದೆ ನಲವತ್ತರ ಸುಮಾರು ಹಸಿರು ಅಂಗಿಗಳು.

ಮೇಲೆ ಶ್ರೀಖಂಡ ಪೂರಿ ನಡೆದಿತ್ತು. ನಾನು ಸಾಹೇಬರ ಎದುರಿಗೆ ನಿಂತು ಮರಾಠಿಯಲ್ಲಿ ಹೇಳಿದೆ.

"ಸರ್, ಹನ್ನೆರಡನೇ ಹಾಸಿಗೆಯ ಅಜ್ಜಿಗೆ ಏನಾಗ್ತಿದೆ ಅಂತ ಕೇಳಿದ್ರಿ. ನಾನು ಸುಳ್ಳು ಹೇಳಿದೆ. ಎದೆ ಮೇಲೆ ಕಲ್ಲು ಹೇರಿದ ಹಾಗಾಗ್ತದೆ, ಕೈ ಸೆಳೀತದೆ, ಉಸಿರು ಆಡ್ತಿಲ್ಲ, ನಾನು ಉಳಿಯೋ ಹಾಗೆ ಕಾಣೋದಿಲ್ಲ, ಒಂದಿಷ್ಟು ನೋಡು ಅಂದಿದ್ಲು. ಈಗ ಸತ್ತಿದ್ದಾಳೆ. ಅವಳ ಹೆಸರು ಶಾಂತಾ ಕಾಂಬಳೆ ಅಲ್ಲ."

ಸಾಹೇಬರು ಕೈಯಲ್ಲಿದ್ದ ಪೂರಿಯ ತುಂಡನ್ನು ತಾಟಿನ ಅಂಚಿಗಿಟ್ಟರು. ಬಾಗಿಲಲ್ಲಿ ತುಂಬಿದ ಜನರನ್ನು ನೋಡಿದರು. ಅವರ ಮುಖದಲ್ಲಿ ಬೆರಗು ಕಾಣಲಿಲ್ಲ. ಆಮೇಲೆ ಮೆತ್ತಗೆ ಮರಾಠಿಯಲ್ಲಿ, ರಿಪೋರ್ಟಿಗೆ ಸಹಿಯಾಗಿದೆ, ಇದು ನಿಮ್ಮ ಸಂಸ್ಥೆಯ ಒಳಗಿನ ವಿಷಯ, ಮೊದಲು ಇವರನ್ನು ಕೆಳಗೆ ಕಳಿಸಿ ಎಂದರು.

"ಏನಂತಾನ?" ಮುರುಗೆಪ್ಪ ಕೇಳಿದ.

"ಸಹಿ ಆಗೇತಂತ. ನಿಮ್ಮನ್ನ ಕೆಳಗ ಕಳಸು ಅಂತಾನ."

ಮುರುಗೆಪ್ಪ ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತ. ಅವನ ಹಿಂದೆ ಮೆಟ್ಟಿಲುಗಳ ಉದ್ದಕ್ಕೂ, ಕೆಳಗೆ ಹನ್ನೆರಡನೆಯ ಹಾಸಿಗೆಯತನಕ ಎಲ್ಲರೂ ಕೂತರು. ಹೊರಗೆ ಹೋಗಬೇಕಾದವರು ಅವರನ್ನು ತುಳಿದೇ ಹೋಗಬೇಕಿತ್ತು. ನಾನೂ ಅವನ ಮಗ್ಗುಲಲ್ಲಿ ಕೂರಲು ಬಗ್ಗಿದೆ.

"ನೀ ಕುಂದ್ರಬ್ಯಾಡ," ಎಂದ. "ನಮ್ಮ ಸಾಲಿನಾಗ ನೀ ಬ್ಯಾಡ. ಅಲ್ಲೇ ನಿಂದ್ರ. ಅವ ಅಂದಿದ್ದು ನಮಗ ಹೇಳ, ನಾವು ಅಂದಿದ್ದು ಅವಗ ಹೇಳ. ಆಕಿ ಹೆಸರು ಬರಿ ಅಂತ ಹೇಳ ಮೊದಲ. ಹೆಂಗ ಸತ್ಲು ಅದನ್ನೂ ಬರಿ ಅನ್ನು. ಬರೆಯೋತನಕ ಒಬ್ಬಾಂವನೂ ಇಲ್ಲಿಂದ ಏಳಂಗಿಲ್ಲ."

ನಾನು ತಾಟುಗಳಿಗೂ ಹೊಸ್ತಿಲಿಗೂ ನಡುವೆ ನಿಂತು ಅದನ್ನು ಮರಾಠಿಯಲ್ಲಿ ಹೇಳಿದೆ. ಹೆಸರು ಬಸವಣ್ಣೆವ್ವ ಮುರುಗೆಪ್ಪ ಮಾದರ ಎಂದೆ. ಸಾಹೇಬರ ಪೆನ್ನು ಜೇಬಿನಲ್ಲೇ ಇತ್ತು. ಇನ್ನೊಮ್ಮೆ, ನಿಧಾನವಾಗಿ, ಅಕ್ಷರ ಬಿಡಿಸಿ ಹೇಳಿದೆ.