ಬಳ್ಳಿ ಬುಟ್ಟಾ

"ಏನ್ ಬೇ, ಕಸಾ ಹೊಡ್ಯಾಕ ಹೋದಾಂವನ ಹೆಸರ ಕಲ್ಲಿನ ಮ್ಯಾಲ ಕೆತ್ತಸ್ಲಿ? ಬಂದೂಕ ಹಿಡದ ಐದ ಮಂದಿ ಜೋಡಿ ನಿಮ್ಮ ಬಾಳ್ಯಾನ್ನೂ ಕುಂಡರಸ್ಲಿ? ನಾಚಿಕಿ ಬರಂಗಿಲ್ಲ ನಿನಗ?"

ಸಾಹುಕಾರ ಶಿದ್ರಾಮಪ್ಪ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಎಲೆಅಡಿಕೆ ಉಗುಳಿದ. ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತ ಶೇವಂತಿ ಲಾಳಿ ನಿಲ್ಲಿಸಲಿಲ್ಲ.

"ನಮ್ಮಣ್ಣ ನೀರ ಹೊತಗೊಂಡ ಗುಡ್ಡಾ ಏರೂ ಮುಂದ ಗುಂಡ ಬಿದ್ದ ಸತ್ತಾನ್ರಿ. ಕಸಾ ಹೊಡಕೋತ ಸತ್ತಿಲ್ಲರಿ."

"ಹೊತ್ತಿದ್ದ ನೀರಽ ಹೌದಲ್ಲ? ಮುಗೀತು. ಕಲ್ಲಿಗೆ ಹೊಚ್ಚೂ ಪರದಿ ಲಗೂ ನೇಯಿ. ಅಂಚ ಕೇಸರಿ, ಬಿಳಿ, ಹಸರ. ನಡುವ ಒಂದ ಛಲೋ ಬುಟ್ಟಾ ಹಾಕು. ಬೆಳಗಾವಿಂದ ಕರ್ನಲ್ ಸಾಹೇಬ್ರ ಬರ್ತಾರ."

ಕಾರ್ಗಿಲ್ ಯುದ್ಧಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಬನಹಟ್ಟಿಯ ಚೌಕದಲ್ಲಿ ಹುತಾತ್ಮರ ಕಲ್ಲು ನಿಂತಿತ್ತು. ಕಮಿಟಿಗೆ ಶಿದ್ರಾಮಪ್ಪನೇ ಅಧ್ಯಕ್ಷ. ಅವತ್ತು ಅವಳಣ್ಣ ಬಾಳೇಶನ ಹೆಣದ ಪೆಟ್ಟಿಗೆ ಬಾವುಟ ಹೊದ್ದು ಬಂದಾಗ ಮೊದಲ ಹಾರ ಹಾಕಿದವನೂ ಇವನೇ. ಆ ಫೋಟೋ ಈಗಲೂ ಇವನ ಅಂಗಡಿಯ ಗೋಡೆಯಲ್ಲಿದೆ. ಅದರಲ್ಲಿ ಸಾಹುಕಾರ ಪೂರ್ತಿ ಕಾಣುತ್ತಾನೆ, ಪೆಟ್ಟಿಗೆ ಅರ್ಧ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅಂದಂತಾಯಿತು.

ಶೇವಂತಿ ಸುಮ್ಮನಾಗಲಿಲ್ಲ. ಅಪ್ಪ ಅವ್ವ ಸತ್ತ ಮೇಲೆ ಅಣ್ಣನ ಕಾಗದಪತ್ರ ಅವಳ ಟ್ರಂಕಿನಲ್ಲೇ ಇದ್ದವು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕಮಿಟಿಯ ಕಾರ್ಯದರ್ಶಿ ಅರುಣನ ಬಳಿ ಹೋದಳು. ಅವನು ಅವಳನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಓದಿದ.

"ಇಲ್ಲಿ ಟ್ರೇಡ್ಸ್‌ಮನ್ ಅಂತ ಬರದಾರ ನೋಡವಾ. ಟ್ರೇಡ್ ಅಂದ್ರ ವ್ಯಾಪಾರ. ವ್ಯಾಪಾರಕ್ಕ ಹೋದಾಂವ ಹುತಾತ್ಮ ಹೆಂಗ ಆಕ್ಕಾನ?"

"ಅಲ್ಲೇನ್ ಮಾರಾಕ ಹೋಗಿದ್ನರಿ, ಬರ್ಫಾ?"

ಅರುಣ ನಕ್ಕ. ನಗುತ್ತಲೇ ಕಾಗದವನ್ನು ಮೆಟ್ಟಿಲ ಮೇಲಿಟ್ಟು, ಅವಳೇ ಎತ್ತಿಕೊಳ್ಳಲಿ ಎಂದು ಕೈ ಹಿಂದೆ ತೆಗೆದುಕೊಂಡ. ಸೈನ್ಯದಲ್ಲಿ ಅಡುಗೆಯವ, ಅಗಸ, ಕ್ಷೌರಿಕ, ಅಣ್ಣನಂಥ ಸಫಾಯಿವಾಲಾ ಎಲ್ಲರಿಗೂ ಅದೇ ಹೆಸರೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಕೇಳುವವರು ಯಾರು? ಕಾಗದ ಎತ್ತಿ ಚೀಲದಲ್ಲಿ ಸುತ್ತಿಕೊಂಡು ಮನೆಗೆ ನಡೆದಳು.

ಮರುದಿನ ಪರದೆ ನೇಯಲು ಕೂತಳು.

ಅವಳ ಮಗ್ಗದಲ್ಲಿ ಅರಿವೆಯ ಮುಖ ಕೆಳಗೆ, ಬೆನ್ನು ಮೇಲೆ. ನೇಯುವವರಿಗೆ ಕಾಣುವುದು ಬೆನ್ನು ಮಾತ್ರ. ನೂಲಿನ ಚಿತ್ತಾರ, ಬುಟ್ಟಾ ಹಾಕುವುದಾದರೆ ತಿರುವುಮುರುವಾಗಿ ಹಾಕಬೇಕು. ಸಣ್ಣವಳಿದ್ದಾಗ ಬಾಳೇಶ ಇದೇ ಕುಣಿಯ ದಂಡೆಯಲ್ಲಿ ಪಾಟಿ ಬಳಪ ಹಿಡಿಸಿ ತನ್ನ ಹೆಸರು ಬರೆಯಲು ಕಲಿಸಿದ್ದ. ಅವಳು ಬರೆದಿದ್ದು ಪೂರಾ ಉಲ್ಟಾ. "ಲೇ ಹುಚ್ಚಿ, ಪಾಟಿಗೂ ಬೆನ್ನ ಐತಿ ಅಂತ ತಿಳದೀಯೇನ?" ಎಂದು ಹೊಟ್ಟೆ ಹಿಡಿದು ನಕ್ಕಿದ್ದ. ಅವಳಿಗೆ ಬರೆಯಲು ಬರುವ ಹೆಸರು ಅದೊಂದೇ.

ಎಳೆ ಎಣಿಸಿ ಎಣಿಸಿ, ಸಣ್ಣ ಕಂಡಿಕಿಗೆ ಸುತ್ತಿದ ಕೆಂಪು ನೂಲನ್ನು ಬೆರಳಿನಿಂದ ತೂರಿಸುತ್ತಾ ಅದನ್ನೇ ಉಲ್ಟಾ ಹಾಕಿದಳು. ನಾಲ್ಕು ದಿನ ಹಿಡಿಯಿತು. ಶಿದ್ರಾಮಪ್ಪ ಬಂದು ಬಗ್ಗಿ ನೋಡಿದ.

"ಏನಿದು?"

"ಬಳ್ಳಿ ಬುಟ್ಟಾರಿ."

"ಹೂಂ. ಛಲೋ ಆಗೇತಿ ಬಿಡು. ಸಮಾರಂಭದ ಮುಂಜಾನೆ ನೀನಽ ಬಂದ ಚೌಕ ಹಸನ ಮಾಡು. ನಿಮ್ಮ ಮನಿತನದ ಕೆಲಸನ ಅಲ್ಲೇನ?" ಅವನಷ್ಟಕ್ಕೆ ಅವನೇ ನಕ್ಕ. "ಪರದಿನೂ ನೀನಽ ಕಟ್ಟು. ಸಾಹೇಬ್ರ ಗಾಡಿ ಬಂದ ಮ್ಯಾಲ ಕಟ್ಟು, ಇಲ್ಲಂದ್ರ ಧೂಳ ಹತ್ತತೈತಿ."

ಆ ದಿನ ಬೆಳಿಗ್ಗೆ ಅವಳು ಚೌಕ ಗುಡಿಸಿದಳು. ಗಾಡಿ ಬಂತು. ಬ್ಯಾಂಡು ಊದುವ ಗದ್ದಲದಲ್ಲಿ ಪರದೆ ಬಿಡಿಸಿ ಮುಖ ಹೊರಗೆ ಮಾಡಿ ಕಲ್ಲಿಗೆ ಕಟ್ಟಿ, ಕಸಬರಿಗೆ ಹಿಡಿದು ಪಕ್ಕಕ್ಕೆ ನಿಂತಳು. ಕುರ್ಚಿಯಿಂದೆದ್ದು ಬಂದ ಕರ್ನಲ್ ಪರದೆಯ ಹಗ್ಗಕ್ಕೆ ಕೈ ಹಾಕಿದವನು ಹಾಗೇ ನಿಂತ. ಅರೆಬರೆ ಕನ್ನಡದಲ್ಲಿ ಮೈಕಿನ ಎದುರೇ ಓದಿದ.

"ಬಾ... ಳೇ... ಶ. ಬಾಳೇಶ ಯಾರು?"

ಶಿದ್ರಾಮಪ್ಪನ ಮುಖ ಕಪ್ಪಿಟ್ಟಿತು. ತಾನೇ ಮುನ್ನುಗ್ಗಿ ಹಗ್ಗ ಎಳೆದ. ಪರದೆ ಜಾರಿ ಬಿತ್ತು. ಕಲ್ಲಿನ ಮೇಲೆ ಐದು ಹೆಸರು, ಅವುಗಳ ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಅಧ್ಯಕ್ಷರ ಹೆಸರು. ಮಂದಿ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೂತರು.

ಶೇವಂತಿ ಕಸಬರಿಗೆ ಕೆಳಗಿಟ್ಟಳು. ಪರದೆ ಎತ್ತಿಕೊಂಡು ಧೂಳು ಝಾಡಿಸಿ, ಮತ್ತೆ ಕಲ್ಲಿಗೆ ಹೊದಿಸಿದಳು. ಅಂಚಿನ ಎರಡೂ ತುದಿಗಳನ್ನು ಕಲ್ಲಿನ ಬೆನ್ನಿಗೆ ತಂದು ಗಂಟು ಬಿಗಿದಳು. ನೇಯುವವರ ಗಂಟು ಅದು, ಎಳೆದಷ್ಟೂ ಬಿಗಿಯುತ್ತದೆ.

"ಬಾಳೇಶ ನಮ್ಮಣ್ಣರೀ ಸಾಹೇಬ್ರ. ಇಂಥವರಿಗೇ ನೀರ ಒಯ್ಯಾಕ ಹೋಗಿ ಸತ್ತಾಂವ. ಈ ಐದೂ ಮಂದೀದ ತಪ್ಪಿಲ್ಲರಿ. ಆರನೇದಾಂವನ ಹೆಸರ ಬರೂತನಕಾ ಯಾರೂ ಇದನ್ನ ಬಿಚ್ಚಬ್ಯಾಡ್ರಿ."

"ಬೋಸುಡಿ, ಸರಿ ಅತ್ಲಾಗ!" ಶಿದ್ರಾಮಪ್ಪ ಗಂಟಿಗೆ ಕೈ ಹಾಕಿದ. ಜಗ್ಗಿದ. ಉಗುರು ಮುರಿಯಿತು. "ಏ ಅರುಣ, ಕತ್ತರಿ ತಾರೋ!"

ರಿಬ್ಬನ್ ಕತ್ತರಿಸಲು ಬೆಳ್ಳಿ ತಾಟಿನಲ್ಲಿಟ್ಟಿದ್ದ ಕತ್ತರಿಯನ್ನು ಅರುಣ ತಂದುಕೊಟ್ಟ. ಕುರ್ಚಿಗಳ ಸಾಲಿನಲ್ಲಿ ಹತ್ತಾರು ಮೊಬೈಲು ಮೇಲೆದ್ದವು. ಕರ್ನಲ್ ಗಂಟನ್ನೇ ನೋಡುತ್ತಿದ್ದ. ಶಿದ್ರಾಮಪ್ಪ ಕತ್ತರಿಯನ್ನು ಬಾವುಟದ್ದೇ ಮೂರು ಬಣ್ಣದ ಅಂಚಿನ ಬಳಿ ಒಯ್ದು ತಡೆದು ನಿಂತ.

"ಕತ್ತರಸ್ರಿ ಸಾವ್ಕಾರ್ರ," ಎಂದಳು ಶೇವಂತಿ. "ಕೇಸರಿಂದ ಚಾಲೂ ಮಾಡ್ತೀರೋ, ಹಸರಿಂದೋ?"

ಕತ್ತರಿ ಬಾಯಿ ತೆರೆದೇ ಇತ್ತು.